ಅಗ್ಗದ ಅನುಕೃತಿ ಕೋವಿ: ಕೊಳ್ಳುವವರು ಅರಿತಿರಬೇಕಾದ ಸಂಗತಿಗಳು

ಅಮೆರಿಕದ ವರ್ಜೀನಿಯ ಸಂಸ್ಥಾನದ ಯಾರ್ಕ್‌ಟೌನಿನ ಬಯಲಿನಲ್ಲಾಗಲಿ, ಬೆಲ್ಜಿಯಂ ದೇಶದ ವಾಟರ್ಲೂ ಗ್ರಾಮದ ಹೊಲಗಳಲ್ಲಾಗಲಿ, ವರ್ಷದ ಕೆಲವು ದಿನಗಳಲ್ಲಿ ಕೆಂಪಂಗಿಯ ಸಿಪಾಯಿಗಳೂ ನೀಲಿಯಂಗಿಯ ಸಿಪಾಯಿಗಳೂ ಸಾಲುಗಟ್ಟಿ ನಿಂತು, ಇನ್ನೂರು ಇನ್ನೂರೈವತ್ತು ವರ್ಷಗಳ ಹಿಂದೆ ಅಲ್ಲಿ ನಡೆದ ಸಮರವನ್ನು ಗುಂಡಿಲ್ಲದ ಬರಿಯ ಮದ್ದಿನ ಸದ್ದು ಹೊಗೆಗಳಿಂದ ಮತ್ತೊಮ್ಮೆ ಅಭಿನಯಿಸಿ ತೋರಿಸುವುದುಂಟು. ಈ ವೇಷಧಾರಿಗಳು ವೃತ್ತಿಯ ನಟರಲ್ಲ. ಶಾಲೆಯ ಉಪಾಧ್ಯಾಯರು, ಗುಮಾಸ್ತರು, ವೈದ್ಯರು, ನಿವೃತ್ತ ಸೈನಿಕರು, ಇತ್ತೀಚೆಗೆ ಆ ದೇಶಗಳಲ್ಲಿ ನೆಲಸಿರುವ ನಮ್ಮವರಲ್ಲಿಯೂ ಇತಿಹಾಸದ ಗೀಳುಳ್ಳ ಒಬ್ಬಿಬ್ಬರು. ತಮ್ಮ ಅಂಗಿ, ಟೋಪಿ, ಬೂಟುಗಳನ್ನೆಲ್ಲ ಸ್ವಂತ ಹಣದಿಂದಲೇ ಹೊಂದಿಸಿಕೊಳ್ಳಬೇಕಾದ ಇವರಿಗೆ ಎಲ್ಲಕ್ಕಿಂತ ದೊಡ್ಡ ಖರ್ಚಾಗಿ ಎದುರು ನಿಲ್ಲುವ ವಸ್ತು ಕೋವಿ. ಆ ಖರ್ಚನ್ನು ಅರ್ಧಕ್ಕೆ ಇಳಿಸುವೆನೆಂದು ಮುಂದೆ ಬಂದಿರುವುದು ಭಾರತದಲ್ಲಿ ತಯಾರಾಗಿ ಹಡಗೇರಿ ಹೋಗುವ ಅನುಕೃತಿ ಕೋವಿ. ಅದು ಕ್ಷೇಮವೇ, ಕೊಟ್ಟ ಹಣಕ್ಕೆ ತಕ್ಕುದೇ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಈ ಕೋವಿಗಳ ಪೈಕಿ ಹೆಚ್ಚು ಬೇಡಿಕೆಯುಳ್ಳದ್ದು ಬ್ರೌನ್ ಬೆಸ್ ಎಂಬ ಅಡ್ಡಹೆಸರಿನ ಬ್ರಿಟಿಷ್ ಚಕಮಕಿ ಕೋವಿ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಅದರ ನಳಿಗೆ 46 ಅಂಗುಲ ಉದ್ದವಿದ್ದಿತು. ಆಮೇಲೆ ಅದು 42 ಅಂಗುಲಕ್ಕೆ ಇಳಿಯಿತು. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯಕ್ಕಾಗಿ ಮಾಡಿಸುತ್ತಿದ್ದ 39 ಅಂಗುಲದ ಸರಳವಾದ, ಅಗ್ಗವಾದ ಮಾದರಿಯನ್ನೇ, ಫ್ರಾನ್ಸಿನೊಡನೆ ಯುದ್ಧ ಬಿದ್ದು ಕೋವಿಗಳ ಕೊರತೆಯಾದಾಗ, ಬ್ರಿಟಿಷ್ ಸರ್ಕಾರವೂ ತನ್ನದಾಗಿ ಅಂಗೀಕರಿಸಿತು. ಇಂಡಿಯಾ ಪ್ಯಾಟರ್ನ್ ಎಂದು ಹೆಸರಾದ ಈ ಕೋವಿಗೆ ನಮ್ಮ ನಾಡಿನ ಚರಿತ್ರೆಯೊಡನೆ ಸಂಬಂಧವಿಲ್ಲದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕನ್ನು ಹತ್ತಿ ಬಂದ ಬ್ರಿಟಿಷ್ ಪಡೆಯವರ ಕೈಯಲ್ಲಿದ್ದದ್ದು ಈ ಬ್ರೌನ್ ಬೆಸ್ ವಂಶದ ಕೋವಿಗಳೇ. ಒಳಗೆ ನಿಂತು ಎದುರಿಸಿದವರ ಕೈಯಲ್ಲಿಯೂ ಚಕಮಕಿ ಕೋವಿಗಳಿದ್ದುವು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾಗಿ ಹುಲಿಪಟ್ಟೆಯ ಅಲಂಕಾರ ಹೊತ್ತ ಅಂಥ ಕೋವಿಗಳು ಇಂದಿಗೂ ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿ ಕಾಣಸಿಗುತ್ತವೆ. ಅಗ್ಗದ ಕೋವಿಗೂ ಇಂಡಿಯಾ ಎಂಬ ಹೆಸರಿಗೂ ಬಿದ್ದ ನಂಟು, ಆದುದರಿಂದ, ಇಂದಿನದೇನೂ ಅಲ್ಲ.

ಅನುಕೃತಿ ಕೋವಿಗಳ ಉದ್ಯಮವು ಕಳೆದ ಶತಮಾನದ ನಡುವಿನಲ್ಲಿ ಹುಟ್ಟಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ ಸಮೀಪಿಸುತ್ತಿದ್ದಂತೆ ಹಳೆಯ ಮಾದರಿಯ ಆಯುಧಗಳಿಗೆ ಬೇಡಿಕೆ ಏರಿತು. ಇಟಲಿಯ ಆಲ್ಪ್ಸ್ ತಪ್ಪಲಿನಲ್ಲಿ ಶತಮಾನಗಳಿಂದ ಕೋವಿಯ ಕಸುಬನ್ನೇ ನಂಬಿಕೊಂಡು ಬಂದಿದ್ದ ಗಾರ್ಡೋನೆ ವಾಲ್ ಟ್ರೋಂಪಿಯ ಕುಶಲಿಗಳು ಆ ಬೇಡಿಕೆಯನ್ನು ಪೂರೈಸಿದರು. 1957ರಲ್ಲಿ ಅಲ್ಲಿ ಆರಂಭವಾದ ಪೆದೆರ್ಸೋಲಿ ಸಂಸ್ಥೆಯು ಇಂದಿಗೂ ಈ ಕ್ಷೇತ್ರದಲ್ಲಿ ಎಲ್ಲರೂ ಹೋಲಿಕೆಗೆ ಎತ್ತಿಕೊಳ್ಳುವ ಮಾನದಂಡವಾಗಿದೆ. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವ ಬಂದಾಗ ಬ್ರೌನ್ ಬೆಸ್ ಮತ್ತು ಫ್ರಾನ್ಸಿನ ಷಾರ್ಲ್‌ವಿಲ್ ಕೋವಿಗಳ ಮಾರುಕಟ್ಟೆ ಇನ್ನಷ್ಟು ಹಿಗ್ಗಿತು. ಜಪಾನಿನ ಮಿರೋಕು ಕಾರ್ಖಾನೆಯೂ ಕೆಲವು ಕಾಲ ಅವನ್ನು ತಯಾರಿಸಿತು. ಭಾರತದ ಕೋವಿಗಳು ಆಮೇಲೆ ಬಂದುವು. ಇಟಲಿಯವರು ಲಾಭ ಕಾಣದೆ ಕೈಬಿಟ್ಟ ಅಪರೂಪದ ಮಾದರಿಗಳನ್ನು, ಅಂದರೆ ಡಚ್ಚರ ಕೋವಿ, ಹಡಗಿನ ಕೋವಿ, ಬತ್ತಿಯಿಂದ ಹೊತ್ತಿಸುವ ಹದಿನೇಳನೆಯ ಶತಮಾನದ ಕೋವಿ ಮೊದಲಾದುವನ್ನೂ, ಅವು ಕಡಿಮೆ ಬೆಲೆಗೆ ಒದಗಿಸಿದುವು. ಈ ವೈವಿಧ್ಯವೇ ಅವುಗಳ ಮೊದಲ ಸದ್ಗುಣವೆಂದು ಪಕ್ಷಪಾತವಿಲ್ಲದೆ ಒಪ್ಪಿಕೊಳ್ಳಬೇಕು.

ಭಾರತದಿಂದ ಹೀಗೆ ಹೊರಡುವ ಕೋವಿಗೆ ಸಾಮಾನ್ಯವಾಗಿ ಒಂದು ವಿಶೇಷವುಂಟು. ಅದರ ನಳಿಗೆಗೆ ಕಿವಿ ಇರುವುದಿಲ್ಲ. ಕಿಡಿಗೆ ಮೊದಲು ಹೊತ್ತುವ ಮದ್ದಾದ ರಂಜಕದ ಬಟ್ಟಲಿನಿಂದ ಬೆಂಕಿಯು ಒಳಗಿನ ಮದ್ದಿಗೆ ಹಾಯುವ ಆ ಸಣ್ಣ ರಂಧ್ರವನ್ನು ಕೊರೆಯದೆ, ಕೋವಿಯನ್ನು ಹಾರದ ಅಲಂಕಾರ ವಸ್ತುವೆಂದು ಕಾಗದಪತ್ರಗಳಲ್ಲಿ ನಮೂದಿಸಿ ಕಳುಹಿಸುತ್ತಾರೆ. ಆಚೆಯ ದಡದ ವ್ಯಾಪಾರಿಯೋ, ಆತ ಗೊತ್ತುಮಾಡಿದ ಕೋವಿಯ ಮೇಸ್ತ್ರಿಯೋ ಅದನ್ನು ಕೊರೆದು ಹಾರುವ ಕೋವಿಯನ್ನಾಗಿ ಮಾಡುತ್ತಾನೆ. ಕೊಳ್ಳುವವನು ಸರಿಯಾಗಿ ಮನಗಾಣಬೇಕಾದ ಸಂಗತಿ ಇಲ್ಲಿದೆ. ಅಲಂಕಾರ ವಸ್ತುವೆಂದು ತಯಾರಕನು ಬರೆದು ಕೊಟ್ಟ ಮೇಲೆ, ಅದರೊಳಗೆ ಮದ್ದು ಉರಿದಾಗ ಏನಾದೀತೆಂಬುದರ ಹೊಣೆಯನ್ನು ಅವನು ಹೊತ್ತಿರುವುದಿಲ್ಲ. ಆ ಹೊಣೆಯು ಕಿವಿ ಕೊರೆದವನ ಹೆಗಲಿಗೆ ಬಂತೇ, ಇಲ್ಲವೆ ಸದ್ದಿಲ್ಲದೆ ಕೊಂಡವನ ಹೆಗಲಿಗೇ ಜಾರಿತೇ ಎಂಬುದನ್ನು ಕೊಳ್ಳುವ ಮೊದಲೇ ಲಿಖಿತ ರೂಪದಲ್ಲಿ ತಿಳಿದುಕೊಳ್ಳತಕ್ಕದ್ದು.

ಹಳೆಯ ಕಾಲದವರು ಈ ಹೊಣೆಯನ್ನು ಯಾರ ಮಾತಿಗೂ ಬಿಟ್ಟಿರಲಿಲ್ಲ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆತು ನಳಿಗೆಗಳನ್ನು ಪರೀಕ್ಷಿಸುವ ಅಧಿಕಾರ ಬಂದಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯವನ್ನು 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯೇ ಸ್ಥಾಪಿಸಿತು. ಪರೀಕ್ಷೆಯ ಕ್ರಮ ಸರಳವೂ ನಿರ್ದಯವೂ ಆದದ್ದು. ನಿತ್ಯದ ಬಳಕೆಗಿಂತ ಬಹಳ ಮಿಗಿಲಾದ ಮದ್ದನ್ನು ತುಂಬಿ, ಮನುಷ್ಯರು ದೂರ ನಿಂತು, ಕೋವಿಯನ್ನು ಹಾರಿಸುವುದು, ಆಮೇಲೆ ನಳಿಗೆಯು ಉಬ್ಬಿದೆಯೇ, ಬಿರಿದಿದೆಯೇ, ಬುಡದ ತಿರುಪು ಸಡಿಲಿದೆಯೇ ಎಂದು ಅಳೆದು ನೋಡುವುದು, ಉಳಿದುಕೊಂಡದ್ದಕ್ಕೆ ಮುದ್ರೆಯೊತ್ತುವುದು. ಇಂಗ್ಲೆಂಡಿನಲ್ಲಿ ಈ ಮುದ್ರೆಯಿಲ್ಲದ ಕೋವಿಯನ್ನು ಹಾರಿಸಲು ಯೋಗ್ಯವೆಂದು ಮಾರುವುದು ಇಂದಿಗೂ ಅಪರಾಧ. ಇಟಲಿಯಲ್ಲಿ ಗಾರ್ಡೋನೆಯ ರಾಷ್ಟ್ರೀಯ ಪರೀಕ್ಷಾಲಯವನ್ನು ಹಾದುಬರದೆ ಕೋವಿ ಅಂಗಡಿಗೆ ಬಾರದು. ಅಮೆರಿಕದಲ್ಲಿ ಮಾತ್ರ ಸರ್ಕಾರದ ಕಡ್ಡಾಯ ಪರೀಕ್ಷೆಯೆಂಬುದಿಲ್ಲ. ತಯಾರಕನ ಪ್ರತಿಷ್ಠೆ ಮತ್ತು ನ್ಯಾಯಾಲಯದ ಭಯ, ಇವೆರಡೇ ಅಲ್ಲಿ ಕಾವಲು. ದೂರದ ದೇಶದಲ್ಲಿರುವ, ಅಲಂಕಾರ ವಸ್ತುವೆಂದು ಬರೆದು ಕಳುಹಿಸಿದ ತಯಾರಕನಿಗೆ ಈ ಎರಡು ಕಾವಲುಗಳೂ ಅಷ್ಟಾಗಿ ತಟ್ಟುವುದಿಲ್ಲವೆಂಬುದು ಸ್ಪಷ್ಟವಾಗಿದೆ.

ಆದುದರಿಂದ ಕೋವಿ ಕೈಗೆ ಬಂದ ಕೂಡಲೆ ಮರದ ಹೊಳಪನ್ನೂ ಹಿತ್ತಾಳೆಯ ಮಿಂಚನ್ನೂ ಬದಿಗಿರಿಸಿ, ನಳಿಗೆಯ ಬುಡದ ಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು. ಇಟಲಿಯ ಕೋವಿಯಾದರೆ ಅಲ್ಲಿ ನಕ್ಷತ್ರದ ಚಿಹ್ನೆಯೂ, ಅದರಡಿ ಕರಿಮದ್ದನ್ನು ಸೂಚಿಸುವ ಪಿ, ಎನ್ ಎಂಬ ಎರಡಕ್ಷರಗಳೂ, ಪರೀಕ್ಷೆಯ ವರ್ಷವನ್ನು ತಿಳಿಸುವ ಸಂಕೇತವೂ ಕಾಣುತ್ತವೆ. ಭಾರತದ ಕೋವಿಯ ಮೇಲೆ ಕಿರೀಟ, ರಾಜನ ಹೆಸರಿನ ಆದ್ಯಕ್ಷರ, ಟವರ್ ಎಂಬ ಬರಹ ಇತ್ಯಾದಿಗಳಿರಬಹುದು; ಅವು ಹಳೆಯ ಕೋವಿಯ ಚಿತ್ರದಿಂದ ನಕಲು ಮಾಡಿದ ಅಲಂಕಾರಗಳೇ ಹೊರತು ಯಾವ ಪರೀಕ್ಷೆಯ ಸಾಕ್ಷ್ಯವೂ ಅಲ್ಲ. ನಾವೇ ಪರೀಕ್ಷಿಸಿದ್ದೇವೆ ಎಂದು ಕೆಲವು ವ್ಯಾಪಾರಿಗಳು ಹೇಳುತ್ತಾರೆ. ಹೇಳಲಿ, ಎಷ್ಟು ಮದ್ದು, ಎಷ್ಟು ತೂಕದ ಗುಂಡು, ಎಷ್ಟು ಸಲ, ಈ ನಳಿಗೆಯನ್ನೇ ಪರೀಕ್ಷಿಸಿದರೋ ಅಥವಾ ಗುಂಪಿನಲ್ಲಿ ಒಂದನ್ನು ಮಾತ್ರವೋ ಎಂದು ಕೇಳಿದರೆ ಉತ್ತರ ಕೊಡಬಲ್ಲವರ ಮಾತಿಗೆ ಬೆಲೆಯುಂಟು.

ನಳಿಗೆಯ ಲೋಹದ ವಿಷಯದಲ್ಲಿ ಬಹಳ ವಾದವಿದೆ. ಅಗ್ಗದ ಕೋವಿಗಳ ನಳಿಗೆಯನ್ನು ಸಾಧಾರಣವಾಗಿ ಸಿದ್ಧವಾದ ಉಕ್ಕಿನ ಕೊಳವೆಯಿಂದ ಮಾಡುತ್ತಾರೆ. ಆ ಕೊಳವೆ ಬೆಸುಗೆಯಿಲ್ಲದೆ ಎಳೆದದ್ದಾಗಿರಬಹುದು. ಇಲ್ಲವೆ ತಗಡನ್ನು ಸುರುಳಿ ಸುತ್ತಿ, ಅಂಚನ್ನು ಬೆಸೆದು, ಅನಂತರ ಒಳಗಿನ ಅಚ್ಚಿನ ಮೇಲೆ ಎಳೆದು ನಯಗೊಳಿಸಿದ್ದಾಗಿರಬಹುದು. ಎರಡನೆಯದರಲ್ಲಿ ಬೆಸುಗೆಯ ಗೆರೆ ಹೊರಗೆ ಕಾಣುವುದಿಲ್ಲವಾದ್ದರಿಂದ ನೋಡಿ ಹೇಳುವುದು ಸಾಧ್ಯವಿಲ್ಲ, ಕೇಳಿಯೇ ತಿಳಿಯಬೇಕು. ಎಚ್ಚರಿಕೆಯುಳ್ಳ ಕಸುಬುದಾರನು ಕರಿಮದ್ದಿನ ಮಿತವಾದ ಒತ್ತಡಕ್ಕಾಗಿ ಎಳೆದ ಕೊಳವೆಯನ್ನು ಬಳಸಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲವೆಂದು ನನಗನಿಸುತ್ತದೆ. ಹೆಚ್ಚು ಅಂಜಿಕೆಗೆ ಕಾರಣವಾಗುವುದು ನಳಿಗೆಯ ಬುಡವನ್ನು ಮುಚ್ಚುವ ತಿರುಪು. ಅದರ ಮರೆಗಳು ಆಳವಾಗಿಯೂ ಸಾಕಷ್ಟು ಉದ್ದವಾಗಿಯೂ ಇದ್ದು ನಳಿಗೆಯ ಒಳಮೆಟ್ಟಿಲಿಗೆ ಬಿಗಿಯಾಗಿ ಕುಳಿತಿರಬೇಕು. ಸಡಿಲವಾಗಿ ಕುಳಿತು ಸುತ್ತಲೂ ಬೆಸುಗೆ ಹಾಕಿ ಮುಚ್ಚಿದ ತಿರುಪು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗಿನ ಸಂದಿನಲ್ಲಿ ಮಾತ್ರ ಮಸಿ ಸೇರಿ, ತೇವ ಕೂಡಿ, ತುಕ್ಕು ಕೊರೆಯುತ್ತ ಹೋಗುತ್ತದೆ. ಅಲ್ಲಿಯೇ ಕೆಂಡದ ಕಿಡಿಯೊಂದು ಅಡಗಿ ಕುಳಿತು ಮುಂದಿನ ಮದ್ದಿಗೆ ಕಾಯುವುದೂ ಉಂಟು. ಈ ತಿರುಪನ್ನು ಬಿಚ್ಚಿ ನೋಡುವ ಕೆಲಸ ಮನೆಯದಲ್ಲ, ಬಲ್ಲ ಮೇಸ್ತ್ರಿಯದು. ಒಳಗೆ ಸಣ್ಣ ಕ್ಯಾಮರಾ ಇಳಿಸಿ ಗೋಡೆಯ ಗೀರುಗಳನ್ನೂ ತಿರುಪಿನ ಮುಖವನ್ನೂ ಪರೀಕ್ಷಿಸುವ ಸೌಲಭ್ಯ ಈಗ ದುರ್ಲಭವಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಇಂಥ ಕೋವಿಗಳನ್ನು ಎಷ್ಟೋ ಮಂದಿ ಎಷ್ಟೋ ವರ್ಷಗಳಿಂದ ಪ್ರದರ್ಶನಗಳಲ್ಲಿ ಬಳಸಿದ್ದಾರೆ, ಏನೂ ಆಗಿಲ್ಲ ಎಂಬ ವಾದವನ್ನು ಮಾರುವವರು ಮಾತ್ರವಲ್ಲದೆ ಬಳಸುವವರೂ ಮುಂದಿಡುತ್ತಾರೆ. ಅದು ಸುಳ್ಳಲ್ಲ, ಆದರೆ ಪ್ರದರ್ಶನದಲ್ಲಿ ಹಾರುವುದು ಬರಿಯ ಮದ್ದು. ಗುಂಡಿನ ಭಾರ ಅಡ್ಡ ನಿಲ್ಲದಾಗ ಹೊಗೆಯು ತೆರೆದ ಬಾಯಿಯಿಂದ ಸರಾಗವಾಗಿ ಹೊರಬೀಳುತ್ತದೆ, ನಳಿಗೆಯ ಗೋಡೆಗಳ ಮೇಲೆ ಒತ್ತಡ ಅಲ್ಪವಾಗಿರುತ್ತದೆ. ಅದೇ ಕೋವಿಗೆ ಮುಕ್ಕಾಲು ಅಂಗುಲದ ಬಾಯಿಗೆ ತಕ್ಕ, ಸುಮಾರು 32 ಗ್ರಾಂ ತೂಕದ ಸೀಸದ ಗುಂಡನ್ನು ತುಂಬಿದರೆ ಕಥೆಯೇ ಬೇರೆ. ಬರಿಯ ಮದ್ದಿನಲ್ಲಿ ಹತ್ತು ವರ್ಷ ಬಾಳಿದ ನಳಿಗೆಯು ಗುಂಡಿನ ಭಾರಕ್ಕೂ ಬಾಳುವುದೆಂದು ತೀರ್ಮಾನಿಸುವುದು ತರ್ಕವಲ್ಲ. ಪ್ರದರ್ಶನಕ್ಕೆ ಕೊಂಡದ್ದನ್ನು ಗುರಿಯ ಮೈದಾನಕ್ಕೆ ಒಯ್ಯುವ ಮೊದಲು ಹೊಸದಾಗಿ ಪರೀಕ್ಷೆಯಾಗಲೇಬೇಕು.

ನಳಿಗೆ ಸಿಡಿಯುವ ಸಂದರ್ಭಗಳನ್ನು ಹತ್ತಿರದಿಂದ ನೋಡಿದರೆ ಲೋಹದ ದೋಷಕ್ಕಿಂತ ತುಂಬುವವನ ದೋಷವೇ ಹೆಚ್ಚಾಗಿ ಕಾಣುವುದೆಂಬ ಮಾತನ್ನೂ ಸೇರಿಸಬೇಕು. ಆಧುನಿಕ ತೋಟಾಗಳ ಹೊಗೆರಹಿತ ಮದ್ದನ್ನು ಈ ಕೋವಿಗೆ ಹಾಕಿದರೆ, ಅದರ ಒತ್ತಡ ಕರಿಮದ್ದಿನದಕ್ಕಿಂತ ಹಲವು ಪಾಲು ಮಿಗಿಲಾದ್ದರಿಂದ, ಇಟಲಿಯದಾಗಲಿ ಭಾರತದ್ದಾಗಲಿ ಯಾವ ನಳಿಗೆಯೂ ನಿಲ್ಲಲಾರದು. ಗುಂಡನ್ನು ಮದ್ದಿಗೆ ತಾಗುವಂತೆ ಕೊನೆಯವರೆಗೆ ಗಜದಿಂದ, ಅಂದರೆ ತುಂಬುವ ಕೋಲಿನಿಂದ, ತಳ್ಳದೆ ನಡುದಾರಿಯಲ್ಲಿ ಬಿಟ್ಟರೆ, ಅದು ನಳಿಗೆಗೆ ಬಡಿದ ಬಿರಡೆಯಂತಾಗಿ ಅಲ್ಲಿಯೇ ಲೋಹ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಮೊದಲ ಸಲ ಹಾರದೆ ಉಳಿದ ಮದ್ದು ಗುಂಡುಗಳ ಮೇಲೆ, ಗದ್ದಲದಲ್ಲಿ ಅರಿವಿಲ್ಲದೆ ಇನ್ನೊಮ್ಮೆ ತುಂಬುವುದು ಮೂರನೆಯದು. ನೆರೆಯವರ ಇಪ್ಪತ್ತು ಕೋವಿಗಳು ಒಟ್ಟಿಗೆ ಗುಡುಗಿದಾಗ ತನ್ನದು ಹಾರಿತೋ ಇಲ್ಲವೋ ಎಂಬುದು ಹೆಗಲಿಗೇ ತಿಳಿಯದೆ ಹೋಗುವುದುಂಟು.

ಕೋವಿ ತುಂಬಿದೆಯೋ ಬರಿದಾಗಿದೆಯೋ ಎಂದು ಅರಿಯಲು ಗಜಕ್ಕಿಂತ ಮಿಗಿಲಾದ ಉಪಕರಣವಿಲ್ಲ. ಕೋವಿಯ ಬಾಯನ್ನು ಮುಖದಿಂದಲೂ ಜನರಿಂದಲೂ ದೂರವಿಟ್ಟು, ಗಜವನ್ನು ನಿಧಾನವಾಗಿ ಕೊನೆಯವರೆಗೆ ಇಳಿಸಿ, ಬಾಯಿಯ ಅಂಚಿನಲ್ಲಿ ಬೆರಳಿನಿಂದ ಗುರುತು ಹಿಡಿದು, ಹೊರತೆಗೆದು ನಳಿಗೆಯ ಹೊರಮೈಗೆ ಒರಗಿಸಿ ನೋಡಿದರೆ, ಅದರ ತುದಿ ಕಿವಿಯ ತನಕ ಬಂದಿದ್ದರೆ ಒಳಗೆ ಏನೂ ಇಲ್ಲ; ಎರಡು ಮೂರು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಉಕ್ಕಿನ ಗಜವನ್ನು ಬರಿದಾದ ನಳಿಗೆಯಲ್ಲಿ ಮೆಲ್ಲನೆ ಬೀಳಿಸಿದರೆ ಕಂಚಿನ ಪಾತ್ರೆಗೆ ತಾಗಿದಂತಹ ಸ್ಪಷ್ಟ ನಾದ ಬರುತ್ತದೆ. ಒಳಗೆ ಮಸಿಯಾಗಲಿ ಕಾಗದವಾಗಲಿ ಇದ್ದರೆ ಮಂಕು ಸದ್ದು. ಪ್ರದರ್ಶನದ ಮೈದಾನಕ್ಕೆ ಇಳಿಯುವ ಮೊದಲು ತಂಡದ ನಾಯಕರು ಸಾಲಿನ ಪ್ರತಿಯೊಬ್ಬನ ಕೋವಿಯಲ್ಲಿಯೂ ಗಜವನ್ನು ಹೀಗೆ ನುಡಿಸಿ ಕೇಳುವುದು ಅಲ್ಲಿಯ ಸಂಪ್ರದಾಯ. ಕೊಂಡ ಕೋವಿಯೊಡನೆ ಮನೆಯಲ್ಲಿ ಮೊದಲು ಅಭ್ಯಾಸ ಮಾಡಬೇಕಾದದ್ದೂ ಇದನ್ನೇ.

ಇನ್ನು ಕುದುರೆಯ ಯಂತ್ರ. ಅಗ್ಗದ ಕೋವಿ ಹೆಚ್ಚಾಗಿ ತನ್ನ ಅಗ್ಗತನವನ್ನು ಒಪ್ಪಿಕೊಳ್ಳುವುದು ಇಲ್ಲಿಯೇ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಕುದುರೆಗೆ ಒಳಗೆ ಎರಡು ಕಚ್ಚುಗಳಿರುತ್ತವೆ: ಅರ್ಧ ಎತ್ತಿದಾಗ ನಿಲ್ಲುವ ಅರೆಗಚ್ಚು, ಪೂರ್ತಿ ಎತ್ತಿದಾಗ ನಿಲ್ಲುವ ಪೂರ್ಣಗಚ್ಚು. ತುಂಬುವಾಗ ಸಿಪಾಯಿಯ ಪ್ರಾಣವನ್ನು ಕಾಯುವುದು ಅರೆಗಚ್ಚು. ಕೋವಿ ಬರಿದಾಗಿದೆಯೆಂದು ಗಜದಿಂದ ಖಚಿತಪಡಿಸಿಕೊಂಡ ಮೇಲೆ, ಕಲ್ಲನ್ನು ತೆಗೆದಿರಿಸಿ, ಕುದುರೆಯನ್ನು ಅರೆಗಚ್ಚಿಗೆ ತಂದು, ಟ್ರಿಗರನ್ನು ಬಲವಾಗಿ ಎಳೆಯಬೇಕು. ಕದಲದೆ ನಿಂತರೆ ಸರಿ. ಕೆಲವು ತಂಡಗಳ ಪರೀಕ್ಷಕರು ಟ್ರಿಗರಿನಡಿ ಬೆರಳಿಟ್ಟು ಕೋವಿಯ ಭಾರವನ್ನೇ ಅದರ ಮೇಲೆ ಹೊರಿಸಿ ನೋಡುತ್ತಾರೆ. ನಾಲ್ಕೂವರೆ ಕಿಲೋ ಭಾರಕ್ಕೆ ಜಾರುವ ಕಚ್ಚನ್ನು ಮೈದಾನಕ್ಕೆ ಬಿಡುವುದಿಲ್ಲ. ಒಳಗಿನ ತುಂಡುಗಳನ್ನು ಬೇಕಾದಷ್ಟು ಗಡಸುಗೊಳಿಸದೆ ಮೆತು ಉಕ್ಕಿನಲ್ಲಿಯೇ ಬಿಟ್ಟಿದ್ದರೆ, ಹೊಸದರಲ್ಲಿ ಚೆನ್ನಾಗಿ ನಿಂತ ಕಚ್ಚು ಒಂದು ಋತುವಿನ ಬಳಕೆಯಲ್ಲಿ ಸವೆದು ಅಪಾಯಕಾರಿಯಾಗುವುದರಿಂದ, ಈ ಪರೀಕ್ಷೆಯನ್ನು ಕೊಂಡ ದಿನ ಮಾತ್ರವಲ್ಲದೆ ಪ್ರತಿ ಬಳಕೆಗೂ ಮೊದಲು ಮಾಡತಕ್ಕದ್ದು.

ಕಲ್ಲು ಬಡಿಯುವ ಎದುರಿನ ಉಕ್ಕಿನ ಮುಚ್ಚಳದ ಗುಣವನ್ನು ಕಿಡಿಗಳೇ ಹೇಳುತ್ತವೆ. ಗಡಸಾದ ಮುಚ್ಚಳದಿಂದ ಬಿಳಿಯ, ಸಿಡಿಯುವ, ಬಟ್ಟಲಿನ ತಳದವರೆಗೆ ಜೀವಂತವಾಗಿ ಬೀಳುವ ಕಿಡಿಗಳು ಬರುತ್ತವೆ. ಮೆತುವಾದದ್ದರಿಂದ ಕೆಂಪಗೆ ಮಿನುಗಿ ದಾರಿಯಲ್ಲಿಯೇ ನಂದುವ ನಾಲ್ಕಾರು ಬರುತ್ತವೆ, ಮುಚ್ಚಳದ ಮೈಮೇಲೆ ಕಲ್ಲಿನ ಉಳುಮೆಯ ಸಾಲುಗಳು ಉಳಿಯುತ್ತವೆ. ಅಂಚಿನಲ್ಲಿ ಹಳೆಯ ಅರವೊಂದನ್ನು ಎಳೆದು ನೋಡಿದರೆ, ಅರ ಜಾರಿದರೆ ಗಡಸು, ಕಚ್ಚಿದರೆ ಮೆತು. ಭಾರತದ ಕೋವಿಗಳಲ್ಲಿ ಮೆತು ಮುಚ್ಚಳದ ದೂರು ಮೊದಲಿನಿಂದಲೂ ಇದೆ. ಅದನ್ನು ಮೇಸ್ತ್ರಿಯಿಂದ ಮತ್ತೆ ಗಡಸುಗೊಳಿಸಬಹುದು, ಹೊರಮೈಗೆ ಒಳ್ಳೆಯ ಉಕ್ಕಿನ ಪಟ್ಟಿಯನ್ನು ಕೂಡಿಸಬಹುದು. ಆ ಖರ್ಚನ್ನು ಕೋವಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿರೆಂಬುದಷ್ಟೇ ನನ್ನ ಸೂಚನೆ. ಕಿಡಿ ಬಾರದ ಕೋವಿ ನಿರುಪದ್ರವಿಯೆಂದು ತಿಳಿಯುವುದು ತಪ್ಪು. ಹಾರದ ಕೋವಿಯನ್ನು ಮತ್ತೆ ಮತ್ತೆ ಎತ್ತಿ ಹೊಡೆಯುವ ಗಡಿಬಿಡಿಯಲ್ಲಿಯೇ ಅನಾಹುತಗಳಿಗೆ ದಾರಿಯಾಗುತ್ತದೆ.

ಕಿವಿಯ ಸ್ಥಾನವೂ ವಿಚಾರಣೆಗೆ ಯೋಗ್ಯವಾದದ್ದು. ಅದು ಬಟ್ಟಲಿನ ತಳದಲ್ಲಿದ್ದರೆ ರಂಜಕದ ಮದ್ದಿನಡಿ ಹೂತುಹೋಗಿ ಹೊತ್ತಲು ತಡವಾಗುತ್ತದೆ. ತೀರ ಹಿಂದಕ್ಕಿದ್ದರೆ ಬುಡದ ತಿರುಪಿನ ಮುಖಕ್ಕೇ ತಾಗುತ್ತದೆ. ಬಟ್ಟಲಿನ ಮೇಲಂಚಿನ ಸಮಕ್ಕೆ, ತಿರುಪಿನ ಮುಖದಿಂದ ತುಸು ಮುಂದಕ್ಕೆ, ಒಂದೂವರೆಯಿಂದ ಎರಡು ಮಿಲಿಮೀಟರಿನ ಒಳಗಿನ ಅಗಲದಲ್ಲಿ ಇರುವುದು ಒಳ್ಳೆಯದು. ಬಳಕೆಯಿಂದ ಕಿವಿ ಸವೆದು ಅಗಲವಾಗುತ್ತದೆ. ಅಗಲವಾದಷ್ಟೂ ಬಲಗಡೆ ನಿಂತವನ ಮುಖಕ್ಕೆ ಹಾಯುವ ಬೆಂಕಿಯ ನಾಲಗೆ ದೊಡ್ಡದಾಗುತ್ತದೆ. ಈ ಕಾರಣದಿಂದ ಬಟ್ಟಲಿಗೆ ಹಿತ್ತಾಳೆಯ ತಡೆತಗಡನ್ನೂ, ಬಿಡುವಿನಲ್ಲಿ ಉಕ್ಕಿನ ಮುಚ್ಚಳಕ್ಕೆ ಚರ್ಮದ ಒರೆಯನ್ನೂ ಹಾಕಿಸುವುದನ್ನು ಬಹಳ ತಂಡಗಳು ಕಡ್ಡಾಯ ಮಾಡಿವೆ. ಅತ್ಯಲ್ಪ ಖರ್ಚಿನ ಈ ಸಾಮಗ್ರಿಗಳನ್ನು ಕೋವಿಯೊಡನೆಯೇ ಕೊಳ್ಳಬೇಕು.

ಮರದ ವಿಷಯದಲ್ಲಿ ಹೇಳುವುದು ಕಡಿಮೆ. ಮೂಲ ಕೋವಿಗಳ ಮರ ವಾಲ್‌ನಟ್ ಆಗಿದ್ದರೆ ಇವುಗಳದ್ದು ತೇಗವೋ ಬೀಟೆಯ ಜಾತಿಯದೋ ಆಗಿ, ಅಗತ್ಯಕ್ಕಿಂತ ದಪ್ಪವಾಗಿ, ಗಾಢ ಬಣ್ಣದ ವಾರ್ನಿಷ್ ಹೊತ್ತಿರುತ್ತದೆ. ಕಟ್ಟುನಿಟ್ಟಿನ ಇತಿಹಾಸಪ್ರಿಯರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಪ್ರಾಣಕ್ಕೆ ಇದರಿಂದ ಅಪಾಯವಿಲ್ಲ. ತಾಳ್ಮೆಯಿದ್ದವನು ಅರದಿಂದಲೂ ಉಪ್ಪುಕಾಗದದಿಂದಲೂ ಉಜ್ಜಿ, ಎಣ್ಣೆ ತೀಡಿ, ಅದನ್ನು ಸುಂದರಗೊಳಿಸಬಹುದು.

ಮದ್ದಿನ ಸಂಗ್ರಹ ಮತ್ತು ಬಳಕೆಯಲ್ಲಿ ನಿಯಮಗಳು ಹಳೆಯವು, ಮೀರಲಾಗದವು. ಕಾರ್ಖಾನೆಯಲ್ಲಿ ತಯಾರಾಗಿ ಕಾಳಿನ ಗಾತ್ರ ನಮೂದಿಸಿದ ಕರಿಮದ್ದನ್ನೇ ಕೊಳ್ಳಬೇಕು. ಪೆಟ್ಲುಪ್ಪು, ಗಂಧಕ, ಇದ್ದಲುಗಳನ್ನು ಮನೆಯಲ್ಲಿ ಅರೆಯುವ ಸಾಹಸ ಬೆರಳುಗಳಿಗೂ ಕಣ್ಣುಗಳಿಗೂ ಒಳ್ಳೆಯದಲ್ಲ, ಹಲವು ದೇಶಗಳಲ್ಲಿ ಕಾನೂನಿಗೂ ಒಪ್ಪುವುದಲ್ಲ. ಕರಿಮದ್ದಿನ ಬದಲಿಗೆ ಮಾರುವ ನವೀನ ಮದ್ದುಗಳು, ಕಲ್ಲಿನ ಬದಲು ಸಿಡಿಯುವ ಕೇಪಿನಿಂದ ಹೊತ್ತಿಸುವ ಕೇಪಿನ ಕೋವಿಗೆ ಹೊಂದುತ್ತವೆ. ಚಕಮಕಿಯ ಕಿಡಿಗೆ ಅವು ಸುಲಭವಾಗಿ ಹೊತ್ತುವುದಿಲ್ಲ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು, ಏಕೆಂದರೆ ಒಳಗೆ ಉಳಿದ ಕಿಡಿಯೊಂದು ಕೈಯಲ್ಲಿರುವ ಇಡೀ ಕೊಂಬನ್ನೇ ಸಿಡಿಸೀತು. ಅಳತೆಯ ಕೊಳವೆಗೆ ಸುರಿದುಕೊಂಡು, ಕೊಂಬನ್ನು ಮುಚ್ಚಿ ಬದಿಗಿಟ್ಟು, ಆಮೇಲೆ ತುಂಬಬೇಕು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸೈನ್ಯದ ತೋಟಾದಲ್ಲಿ ರಂಜಕವೂ ಸೇರಿ ಹತ್ತು ಗ್ರಾಮಿಗಿಂತ ಮಿಗಿಲಾದ ಮದ್ದಿರುತ್ತಿತ್ತು. ಇಂದಿನ ಹವ್ಯಾಸಿ ಅದನ್ನು ಅನುಸರಿಸುವ ಅಗತ್ಯವಿಲ್ಲ. ಅಂದಿನ ಮದ್ದು ಬೇರೆ, ಅಂದಿನ ಉದ್ದೇಶವೂ ಬೇರೆ. ಕುದುರೆ ಬಿದ್ದು ಕೋವಿ ಹಾರದಿದ್ದರೆ ಬಾಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗದೆ ನಿಲ್ಲಬೇಕು, ಮದ್ದು ಒಳಗೆ ನಿಧಾನವಾಗಿ ಹೊಗೆಯಾಡುತ್ತಿರಬಹುದಾದ್ದರಿಂದ. ಪ್ರದರ್ಶನದಲ್ಲಿ ಮದ್ದು ತುಂಬುವಾಗ ಗಜವನ್ನು ಬಳಸಲೇಬಾರದೆಂಬ ನಿಯಮವೂ, ಎದುರಿಗೆ ಜನರಿದ್ದರೆ ಬಾಯನ್ನು ಮೇಲಕ್ಕೆತ್ತಿ ಹಾರಿಸಬೇಕೆಂಬ ನಿಯಮವೂ ಇವೆ. ನಳಿಗೆಯಲ್ಲಿ ಮರೆತ ಗಜ ಬಾಣದಂತೆ ಹಾರುತ್ತದೆ.

ಉರಿದ ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನರೂಪದಲ್ಲಿಯೇ ಇರುತ್ತದೆ; ಅದರಲ್ಲಿ ನಳಿಗೆಯೊಳಗೆ ಉಳಿದ ಮಸಿಯು ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ನಳಿಗೆಯನ್ನು ತಿನ್ನತೊಡಗುತ್ತದೆ. ಅದೇ ಸಂಜೆ ಬಿಸಿನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಎಣ್ಣೆ ಸವರದ ಕೋವಿಗೆ ಎಷ್ಟು ಹಣ ಕೊಟ್ಟಿದ್ದರೂ ಅದು ವ್ಯರ್ಥ. ನಾಲ್ಕು ವರ್ಷ ಉಪೇಕ್ಷೆಗೊಳಗಾದ ದುಬಾರಿ ಇಟಲಿಯ ಕೋವಿಗಿಂತ, ಚೆನ್ನಾಗಿ ಕಾಪಾಡಿದ ಅಗ್ಗದ ಕೋವಿಯನ್ನು ನಾನು ಮೊದಲು ಆರಿಸಿಯೇನು.

ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಅಮೆರಿಕದ 1968ರ ಕೇಂದ್ರ ಕಾಯಿದೆಯು ತೋಟಾ ಬಳಸದ ಚಕಮಕಿ, ಬತ್ತಿ, ಕೇಪುಗಳ ಅನುಕೃತಿ ಕೋವಿಯನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿದೆಯಾದರೂ, ಸಂಸ್ಥಾನಗಳ ಕಾನೂನುಗಳು ಪ್ರತ್ಯೇಕವಾಗಿವೆ. ಕೆನಡಾದಲ್ಲಿ ಚಕಮಕಿಯ ಉದ್ದ ಕೋವಿಯ ಅನುಕೃತಿಗೆ ಪುರಾತನ ಆಯುಧದ ಸ್ಥಾನವುಂಟು, ಕೇಪಿನ ಕೋವಿಯ ಅನುಕೃತಿಗೆ ಇಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಷಾಟ್‌ಗನ್ ಪ್ರಮಾಣಪತ್ರವೂ, ಮದ್ದಿಗೆ ಬೇರೆ ಪ್ರಮಾಣಪತ್ರವೂ ಬೇಕು. ನಮ್ಮ ದೇಶದಲ್ಲಾದರೋ, ಬಾಯಿಯಿಂದ ತುಂಬುವ ಕೋವಿಯೂ ಹಾರುವಂತಿದ್ದರೆ 1959ರ ಆಯುಧ ಕಾಯಿದೆಗೆ ಒಳಪಟ್ಟ ಬಂದೂಕೇ; ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲಾಗದು. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವ ಕೊಡವರಿಗೂ ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿಯುಳ್ಳವರಿಗೂ ದೊರೆತಿರುವ ವಿನಾಯಿತಿಯು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿದದ್ದು, ಇತರರಿಗೆ ಅನ್ವಯಿಸುವುದಿಲ್ಲ. ಕಿವಿಯಿಲ್ಲದ ಅಲಂಕಾರದ ಕೋವಿಯನ್ನು ತಂದು ಇಲ್ಲಿ ಕಿವಿ ಕೊರೆಯುವುದೆಂದರೆ ಆಯುಧವನ್ನು ತಯಾರಿಸಿದಂತೆಯೇ. ಆ ಯೋಚನೆಯನ್ನೇ ಮಾಡಬಾರದು.

ಬೆಲೆಯ ಲೆಕ್ಕವನ್ನು ಈಗ ಹಾಕಬಹುದು. ಅಂಗಡಿಯ ಬೆಲೆ ಇಟಲಿಯದರ ಅರ್ಧವಾದರೂ, ಮೇಸ್ತ್ರಿಯ ಪರೀಕ್ಷೆ, ಉಕ್ಕಿನ ಮುಚ್ಚಳದ ಗಡಸು, ಕುದುರೆಯ ಯಂತ್ರದ ದುರಸ್ತಿ, ಸೌಲಭ್ಯವಿರುವ ದೇಶಗಳಲ್ಲಿ ಪರೀಕ್ಷಾಲಯದ ಶುಲ್ಕ, ಇವೆಲ್ಲ ಕೂಡಿದಾಗ ಅಂತರ ಬಹಳ ಕುಗ್ಗುತ್ತದೆ. ಮರಳಿ ಮಾರುವಾಗ ಇಟಲಿಯ ಕೋವಿ ತನ್ನ ಬೆಲೆಯನ್ನು ಉಳಿಸಿಕೊಳ್ಳುವಷ್ಟು ಭಾರತದ್ದು ಉಳಿಸಿಕೊಳ್ಳುವುದಿಲ್ಲ. ಗುರಿಯ ಮೈದಾನದಲ್ಲಿ ಗುಂಡು ಹಾರಿಸುವ ಉದ್ದೇಶವಿದ್ದವನಿಗೆ, ಹಳೆಯದಾದರೂ ಸರಿ, ಮುದ್ರೆಯುಳ್ಳ ಇಟಲಿಯ ಕೋವಿಯೇ ಮೇಲೆಂಬುದು ನನ್ನ ಅಭಿಪ್ರಾಯ. ವರ್ಷದಲ್ಲಿ ಕೆಲವು ದಿನ ಬರಿಯ ಮದ್ದಿನ ಪ್ರದರ್ಶನಕ್ಕೆ ಹೋಗುವವನಿಗೂ, ಇತರರು ತಯಾರಿಸದ ಅಪರೂಪದ ಮಾದರಿಯೇ ಬೇಕಾದವನಿಗೂ, ಬಲ್ಲ ಮೇಸ್ತ್ರಿ ನೋಡಿ ಒಪ್ಪಿದ ಅಗ್ಗದ ಕೋವಿ ತಕ್ಕುದೇ ಆಗಬಹುದು. ಗೋಡೆಗೆ ತೂಗಹಾಕುವವನಿಗೆ ಕಿವಿಯಿಲ್ಲದ ಕೋವಿಗಿಂತ ಒಳ್ಳೆಯದು ಬೇರಿಲ್ಲ. ಅವನು ಕಿವಿ ಕೊರೆಸುವ ಆಸೆಗೆ ಬೀಳದಿರಲಿ.

ಕೊಳ್ಳಲು ನಿಶ್ಚಯಿಸಿದವರು ಹಣ ಕಳುಹಿಸುವ ಮೊದಲು ವ್ಯಾಪಾರಿಗೆ ಮೂರು ಪ್ರಶ್ನೆಗಳನ್ನು ಬರೆಯಲಿ: ನಳಿಗೆಯ ಕೊಳವೆ ಯಾವ ಬಗೆಯದು, ಕಿವಿ ಕೊರೆದವರು ಯಾರು, ಈ ನಳಿಗೆಯನ್ನೇ ಎಷ್ಟು ಮದ್ದು ಗುಂಡುಗಳಿಂದ ಪರೀಕ್ಷಿಸಿದ್ದೀರಿ. ಮೂರಕ್ಕೂ ಲಿಖಿತ ಉತ್ತರ ಬಾರದಿದ್ದರೆ ಬೇರೊಬ್ಬ ವ್ಯಾಪಾರಿಯನ್ನು ಹುಡುಕಿಕೊಳ್ಳಿ.